ಕೇಳಿ ತಂದ ಹೆಪ್ಪು

ನಮ್ಮೂರಲ್ಲಿ ಒಂದು ಮನೆಯ ಮೊಸರು ಅದೇ ಮನೆಯ ಹಾಲಿಗೆ ಹೆಪ್ಪಾಗುವುದಿಲ್ಲ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇವತ್ತಿನ ಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಟ್ಟರೆ, ನಿಮ್ಮೂರಲ್ಲಿ ಬೆಳಗಾಗುವ ಹೊತ್ತಿಗೆ ಮೊಸರು. ನಮ್ಮೂರಲ್ಲಿ ಬೆಳಗಾಗುವ ಹೊತ್ತಿಗೆ ಅದೇ ಹಾಲು, ಮೇಲೊಂದು ಕೆಟ್ಟ ವಾಸನೆ. ಹೆಪ್ಪು ಬೇರೆ ಬಾಗಿಲಿನಿಂದಲೇ ಬರಬೇಕು. ಕೇಳಿಯೇ ತರಬೇಕು. ಕೊಡುವವರು ಮನಸ್ಸಿಟ್ಟು ಕೊಡಬೇಕು. ಬಾಯಲ್ಲಿ ನಗುತ್ತಾ ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಕೊಟ್ಟರೆ ಹಾಲಿಗೆ ಗೊತ್ತಾಗಿಬಿಡುತ್ತದೆ. ಯಾಕೆ ಹಾಗೆ ಅಂತ ಕೇಳಿದರೆ ನನಗೇನು ಗೊತ್ತು? ನಮ್ಮ ಹಾಲು ಹಾಗೆ.

ಹಾಗಾಗಿ ಸಂಜೆಯಾದರೆ ನಮ್ಮ ಬೀದಿಯನ್ನು ನೋಡಬೇಕು. ಒಲೆಯ ಮೇಲಿಂದ ಹಾಲು ಇಳಿಯುತ್ತದೆ, ಬಾಗಿಲುಗಳು ತೆರೆಯುತ್ತವೆ, ಬಟ್ಟಲು ಹಿಡಿದವರು ಹೊರಗೆ ಬರುತ್ತಾರೆ. ಬಟ್ಟಲು ಒಡ್ಡಿದವರು "ನಿಮ್ಮನೇದು ನಮ್ಮನೆಗೆ" ಅನ್ನಬೇಕು. ಕೊಡುವವರು "ನಮ್ಮನೇದು ನಿಮ್ಮನೆಗೆ" ಅನ್ನಬೇಕು. ಅಷ್ಟೇ ಮಂತ್ರ. ಬೆಳಗ್ಗೆ ಚರಂಡಿ ನೀರಿಗೆ ಜುಟ್ಟು ಹಿಡಿದು ಜಗಳವಾಡಿದವರೂ ಸಂಜೆ ಯಾರದಾದರೂ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲಲೇಬೇಕು. ಇಲ್ಲದಿದ್ದರೆ ನಾಳೆ ಅನ್ನಕ್ಕೆ ಏನು ಕಲಸಿಕೊಳ್ಳುತ್ತಾರೆ? ನಾನು ಈ ಬೀದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದೇನು ಕರ್ಮವಪ್ಪಾ ಅಂದುಕೊಂಡಿದ್ದೆ. ಈಗ ಸಂಜೆ ಬಟ್ಟಲು ಹಿಡಿಯದಿದ್ದರೆ ಕೈ ತುರಿಸುತ್ತದೆ.

ಹುಡುಗರಿಗೆ ಮೀಸೆ ಚಿಗುರಿ, ಹುಡುಗಿಯರು ಎರಡು ಜಡೆ ಬಿಟ್ಟು ಒಂದು ಜಡೆ ಹಾಕುವ ವಯಸ್ಸಾದಾಗ ಅವರ ಕೈಗೇ ಮನೆಯ ಬಟ್ಟಲು ಬರುತ್ತದೆ. ಬಟ್ಟಲ ದಿನ ಅಂತ ಮಾಡುತ್ತೇವೆ. ಆ ದಿನ ಅವರು ತಮಗೆ ಇಷ್ಟವಾದ ಒಂದು ಬಾಗಿಲಿಗೆ ಹೋಗಿ ನಿಲ್ಲಬೇಕು, ಇಲ್ಲವೇ ತಮ್ಮ ಬಾಗಿಲಿಗೆ ಯಾರಾದರೂ ಬರಲಿ ಅಂತ ಕಾಯಬೇಕು. ಒಳಗಿದ್ದವರು ಬಾಗಿಲು ತೆರೆದರೆ, ಅವತ್ತಿನಿಂದ ಒಂದು ವರ್ಷ ಇವರ ಹೆಪ್ಪು ಅವರಿಗೆ, ಅವರ ಹೆಪ್ಪು ಇವರಿಗೆ. ಊರು ಅವರನ್ನು ಜೋಡಿ ಬಟ್ಟಲು ಅನ್ನುತ್ತದೆ. ಮದುವೆ ಗಿದುವೆ ಎಲ್ಲ ಎಷ್ಟೋ ವರ್ಷದಾಚೆಯ ಮಾತು, ಅದಕ್ಕೆ ಯಾರೂ ಅವಸರ ಮಾಡುವುದಿಲ್ಲ. ವರ್ಷ ತುಂಬಿದ ದಿನ ಮಾತ್ರ ಗಡಿಗೆ ಮಗುಚಬೇಕು. ಹಿಂದಿನ ಸಂಜೆ ತಂದ ಹೆಪ್ಪಿನಿಂದ ಆದ ಮೊಸರಿನ ಗಡಿಗೆಯನ್ನು ಊರ ಕಟ್ಟೆಗೆ ತಂದು, ಎಲ್ಲರ ಮುಂದೆ ತನ್ನ ತಲೆಯ ಮೇಲೆ ತಾನೇ ಬೋರಲು ಹಿಡಿಯಬೇಕು. ಮನಸ್ಸಿಟ್ಟು ಕೊಟ್ಟ ಹೆಪ್ಪಾದರೆ ಒಂದು ಹನಿಯೂ ಬೀಳುವುದಿಲ್ಲ. ಹಾಗಾದರೆ ಜೋಡಿ ಮುಂದುವರಿಯುತ್ತದೆ. ಬಿದ್ದರೆ ಅವರವರ ದಾರಿ ಅವರವರಿಗೆ.

ಮತ್ತೆ, ಆಚೆ ದಡ ಅಂತ ಒಂದಿದೆ. ಯಾರ ಬಾಗಿಲೂ ಸಿಗದವರು, ಮನಸ್ಸಿಲ್ಲದೆ ಹೆಪ್ಪು ಕೊಟ್ಟು ಸಿಕ್ಕಿಬಿದ್ದವರು ಹೊಳೆ ದಾಟಿ ಅಲ್ಲಿಗೆ ಹೋಗಬೇಕು. ಅಲ್ಲಿ ಊರಿನ ಹಸುಗಳಿವೆ, ಹುಲ್ಲಿದೆ, ಒಂದು ಗುಡಿಸಲಿದೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಕುಡಿಯಲು ಹಾಲು ಬೇಕಾದಷ್ಟು. ಆದರೆ ಹೆಪ್ಪು ಕೇಳಲು ಇನ್ನೊಂದು ಬಾಗಿಲಿಲ್ಲ. ಅಲ್ಲಿಗೆ ಹೋದವರು ವಾಪಸ್ ಬಂದಾಗ ಮಾತು ಮರೆತಿರುತ್ತಾರೆ. ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತು, ಏನು ಕೇಳಬೇಕು ಅಂತ ತಿಳಿಯದೆ ಹಾಗೇ ನಿಂತಿರುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ನಮ್ಮ ಎದುರುಮನೆ ಮಗ್ಗದ ಮನೆ. ಅಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ನೇಯುತ್ತಾಳೆ, ಮಗಳು ನೂಲು ಸುತ್ತುತ್ತಾಳೆ. ಹುಡುಗಿ ಚೂಟಿ, ಆದರೆ ನಾಲಿಗೆ ಅಂದರೆ ನಾಲಿಗೆ! ಬೀದಿಯ ಹುಡುಗರಲ್ಲಿ ಅವಳ ಕೈಲಿ ಬೈಸಿಕೊಳ್ಳದವನಿಲ್ಲ. ಒಬ್ಬನ ನಡಿಗೆಯನ್ನು ಆಡಿಕೊಂಡಳು, ಒಬ್ಬನ ಹಲ್ಲನ್ನು ಆಡಿಕೊಂಡಳು. ಹೀಗಿದ್ದ ಮೇಲೆ ಬಟ್ಟಲ ದಿನ ಅವಳ ಬಾಗಿಲಿಗೆ ಯಾರು ಬರುತ್ತಾರೆ ಹೇಳಿ. ಬೆಳಗ್ಗೆಯಿಂದ ಹೊಸಲಿನ ಮೇಲೆ ಕೂತಿದ್ದಳು. ಮಧ್ಯಾಹ್ನವಾಯಿತು. ಬಿಸಿಲು ನಮ್ಮ ಕಡೆಯ ಗೋಡೆಗೆ ಬಂತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ತನ್ನಷ್ಟಕ್ಕೆ ತಾನು ನೂಲು ಸುತ್ತುವವಳ ಹಾಗೆ ನಟಿಸುತ್ತಿದ್ದಳು, ಕೈಯಲ್ಲಿ ನೂಲೇ ಇರಲಿಲ್ಲ. 

ಆಗ ಬಂದವನು ಗಾಣದ ಮನೆಯ ಹುಡುಗ. ಉದ್ದಕ್ಕೆ ಬೆಳೆದಿದ್ದ, ಕೈಕಾಲು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದ ಹುಡುಗ. ಅವನ ಕಣ್ಣೆಲ್ಲ ಬೆಣ್ಣೆ ಮನೆಯ ಹುಡುಗಿಯ ಮೇಲೆ ಅಂತ ಊರಿಗೇ ಗೊತ್ತಿತ್ತು. ಬೆಣ್ಣೆ ಮನೆಯವರು ಮಗಳ ಕೈಗೆ ಬಟ್ಟಲು ಕೊಡುವುದು ಮುಂದಿನ ವರ್ಷ ಅಂದುಬಿಟ್ಟಿದ್ದರು. ಪಾಪ, ಇವನು ಅಲ್ಲಿಯವರೆಗೆ ಏನು ಮಾಡಬೇಕು? ಅವನಿಗೂ ಬಾಗಿಲಿಲ್ಲ, ಆಚೆ ದಡವೇ ಗತಿ.

"ಏನೋ?" ಅಂದಳು ಹುಡುಗಿ.

"ಏನಿಲ್ಲ."

"ಏನಿಲ್ಲದೆ ಬಟ್ಟಲು ಹಿಡ್ಕೊಂಡು ಬಂದ್ಯಾ? ಎಣ್ಣೆ ಮಾರೋಕೆ ಬಂದಿದ್ರೆ ಅವ್ವ ಒಳಗಿದ್ದಾಳೆ."

ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿದ. ತಗ್ಗಿಸಿದರೇನು, ನನ್ನ ಕಿವಿ ಚೆನ್ನಾಗಿದೆ. "ನೋಡು, ನನಗೂ ಯಾರೂ ಇಲ್ಲ, ನಿನಗೂ ಯಾರೂ ಬರ್ಲಿಲ್ಲ. ಒಂದು ವರ್ಷ ಸುಮ್ನೆ ಜೋಡಿ ಅನ್ನಿಸ್ಕೊಳ್ಳೋಣ. ಮುಂದಿನ ವರ್ಷ ನಾನು ಬೆಣ್ಣೆ ಮನೆ ಬಾಗಿಲಿಗೆ ಹೋಗ್ತೀನಿ. ಅಷ್ಟರಲ್ಲಿ ನಿನಗೂ ಯಾರಾದ್ರೂ ಸಿಕ್ತಾರೆ."

"ಸುಮ್ನೆ ಕೊಟ್ಟ ಹೆಪ್ಪಿಗೆ ಹಾಲು ಗಟ್ಟಿಯಾಗತ್ತೇನೋ, ಮಂಕೇ?"

ಅವನು ಪೆಚ್ಚಾಗಿ ನಿಂತ. ಹುಡುಗಿ ಯೋಚಿಸಿದಳು. ಆಮೇಲೆ ಅವಳು ಏನೋ ಪಿಸುಗುಟ್ಟಿದಳು, ಅದು ಮಾತ್ರ ನನಗೆ ಕೇಳಲಿಲ್ಲ. ಎಷ್ಟೋ ದಿನದ ಮೇಲೆ ಅವಳೇ ಹೇಳಿದಳು. ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಿಲ್ಲದೆಯೂ ಗಟ್ಟಿಯಾಗುತ್ತದೆ ಅಂತ ಅವಳು ಎಲ್ಲೋ ಕೇಳಿದ್ದಳಂತೆ. "ನಾನು ಕೊಟ್ಟ ಹೆಪ್ಪು ಸುಳ್ಳು, ನೀನು ಕೊಟ್ಟ ಹೆಪ್ಪೂ ಸುಳ್ಳು. ಇಬ್ರೂ ಮನೇಲಿ ಗುಟ್ಟಾಗಿ ತೊಟ್ಟು ಹಾಕೋಣ" ಅಂದಿದ್ದಳಂತೆ. ಎಂಥಾ ತಲೆ ನೋಡಿ! ವರ್ಷದ ಕೊನೆಗೆ ಗಡಿಗೆ ಮಗುಚಬೇಕಲ್ಲ, ಅದನ್ನು ಮಾತ್ರ ಇಬ್ಬರೂ ಯೋಚಿಸಿರಲಿಲ್ಲ.

ಹುಡುಗ ಬಟ್ಟಲು ಒಡ್ಡಿ, ಬೀದಿಗೆಲ್ಲ ಕೇಳುವ ಹಾಗೆ "ನಿಮ್ಮನೇದು ನಮ್ಮನೆಗೆ" ಅಂದ. ಅವಳೂ ಗಂಟಲು ಏರಿಸಿ "ನಮ್ಮನೇದು ನಿಮ್ಮನೆಗೆ" ಅಂದಳು. ಬೀದಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ನಾನು ಕಿಟಕಿಯಲ್ಲೇ ಕೈ ಮುಗಿದೆ.

ಅವತ್ತಿನಿಂದ ಶುರುವಾಯಿತು ನಾಟಕ. ಸಂಜೆ ಅವನು ಬರುತ್ತಿದ್ದ. ಅವನು ಹೋದ ಮೇಲೆ ಇವಳು ಹೋಗುತ್ತಿದ್ದಳು. ನಾಟಕ ಅಂದ ಮೇಲೆ ನೋಡುವವರಿಗೆ ನಂಬಿಕೆ ಬರಬೇಕಲ್ಲ, ಅದಕ್ಕೆ ಅವಳೇ ಪಾಠ ಹೇಳಿಕೊಡುತ್ತಿದ್ದಳು. "ಬಂದ ತಕ್ಷಣ ಓಡಬೇಡ, ಸ್ವಲ್ಪ ಹೊತ್ತು ನಿಲ್ಲು. ನನ್ನ ಕಡೆ ನೋಡು. ಹಾಗಲ್ಲ, ಸಾಲ ಕೇಳೋನ ಹಾಗೆ ನೋಡಬೇಡ!" ಅವನು ನಿಲ್ಲುತ್ತಿದ್ದ. ಮೊದಮೊದಲು ಕಂಬದ ಹಾಗೆ ನಿಲ್ಲುತ್ತಿದ್ದ. ಆಮೇಲೆ ಜಗಲಿಯ ತುದಿಗೆ ಒರಗಿ ನಿಲ್ಲಲು ಕಲಿತ. ಆಮೇಲೆ ಕೂರಲು ಕಲಿತ. ಅವಳು ಅವನ ತಲೆಗೂದಲಿಗೆ ಅಂಟಿದ ಹಿಂಡಿಯ ಪುಡಿಯನ್ನು ಬೆರಳಲ್ಲಿ ತೆಗೆಯುತ್ತಿದ್ದಳು, ಬೀದಿ ನೋಡಲಿ ಅಂತ. ಅವನು ಅವಳ ಸೆರಗಿಗೆ ಸಿಕ್ಕಿದ ನೂಲಿನ ಎಳೆಯನ್ನು ಬಿಡಿಸುತ್ತಿದ್ದ, ಬೀದಿ ನೋಡಲಿ ಅಂತ.

ಮಳೆಗಾಲ ಬಂತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಬಾಗಿಲೆಲ್ಲ ಮುಚ್ಚಿವೆ. ಗೋಣಿಚೀಲ ತಲೆಗೆ ಹಾಕಿಕೊಂಡು ಅವನು ಬಂದ. ಬಟ್ಟಲಿಗೆ ಹೆಪ್ಪು ಬಿತ್ತು. ಹೋಗಬೇಕಲ್ಲ? ಹೋಗಲಿಲ್ಲ. ಜಗಲಿಯ ಮೇಲೆ ಕೂತ. ಅವಳು ಅವನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸುತ್ತಾ "ನೆನೆದು ಜ್ವರ ಬಂದ್ರೆ ನಾಳೆ ನನ್ನ ಬಟ್ಟಲಿಗೆ ಯಾರೋ ದಿಕ್ಕು?" ಅಂತ ಬೈಯುತ್ತಿದ್ದಳು. ನೋಡಲು ಯಾರಿದ್ದರು? ಯಾರೂ ಇಲ್ಲ. ಎದುರುಮನೆ ಕಿಟಕಿಯಲ್ಲಿ ನಾನೊಬ್ಬಳು, ನನ್ನನ್ನು ಯಾರು ಲೆಕ್ಕಕ್ಕೆ ತಗೋತಾರೆ! ಇನ್ನು ಇವರದ್ದು ನಾಟಕ ಅಲ್ಲ ಬಿಡು ಅಂದುಕೊಂಡೆ. ಆದರೆ ನಾಟಕ ಮಾಡುವವರಿಗೆ ಅದು ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು.

ಅದೇ ಮಳೆಗಾಲದಲ್ಲಿ ಹುಡುಗಿಯ ತಾಯಿಗೆ ಚಳಿಜ್ವರ ಬಂತು. ಹುಡುಗಿ ಸಂಜೆಯಿಂದ ತಾಯಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಳು. ಹಾಲಿಗೆ ಅವನು ಕೊಟ್ಟ ಹೆಪ್ಪನ್ನು ಹೇಗೋ ಹಾಕಿ ಮುಚ್ಚಿಟ್ಟಳು, ತೊಟ್ಟು ಹಾಕಲು ಮರೆತಳು. ಬೆಳಗ್ಗೆ ಎದ್ದು, ಹಾಲು ಹಾಳಾಯಿತಲ್ಲ, ಕಾಯಿಲೆಯವಳಿಗೆ ಮೊಸರನ್ನ ಕಲಸಲು ಏನು ಮಾಡಲಿ ಅಂತ ಅಳುತ್ತಾ ಮುಚ್ಚಳ ತೆಗೆದಳು. ಚಮಚ ಇಟ್ಟರೆ ಚಮಚ ನಿಂತಿತು. ಅಷ್ಟು ಗಟ್ಟಿ.

ಅವಳು ನಂಬಲಿಲ್ಲ. ಮಾರನೆಯ ದಿನ ಬೇಕೆಂದೇ ತೊಟ್ಟು ಹಾಕಲಿಲ್ಲ. ಗಟ್ಟಿ. ಅದರ ಮಾರನೆಯ ದಿನವೂ ಹಾಕಲಿಲ್ಲ. ಗಟ್ಟಿ. ಅವಳು ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವನು ಮನಸ್ಸಿಟ್ಟು ಕೊಡುತ್ತಿದ್ದಾನೆ. ಅದು ಅವನಿಗೇ ಗೊತ್ತಿಲ್ಲ. ಇನ್ನೊಬ್ಬರ ಮನಸ್ಸು ಅವರಿಗಿಂತ ಮೊದಲು ನಮಗೆ ಗೊತ್ತಾದರೆ ಎಂಥ ಸಂಕಟ ನೋಡಿ! ಅವತ್ತು ಸಂಜೆ ಅವನು ಬಂದಾಗ ಅವಳ ಕೈ ನಡುಗಿ ಹೆಪ್ಪು ಹೊಸಲಿನ ಮೇಲೆ ಚೆಲ್ಲಿತು. "ಕೈಗೇನಾಗಿದೆ ನಿನಗೆ?" ಅಂದ. "ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ನಡುಕ ಬರತ್ತೆ" ಅಂದಳು. ಅವನು ನಕ್ಕ. ಅವಳಿಗೆ ಅವನ ನಗು ಇಷ್ಟವಾಯಿತು, ತುಂಬಾ ಇಷ್ಟವಾಯಿತು. ಯಾವತ್ತಿನಿಂದ ಇಷ್ಟ ಅಂತ ಹುಡುಕಲು ಹೋದರೆ ಶುರು ಎಲ್ಲಿದೆ ಅಂತಲೇ ಸಿಗಲಿಲ್ಲವಂತೆ.

ಆ ಸಂಜೆಯೇ ಅವಳು ನಮ್ಮನೆಗೆ ಬಂದು ಒಲೆಯ ಪಕ್ಕ ಕೂತು ಎಲ್ಲ ಹೇಳಿದ್ದು. ತೊಟ್ಟಿನ ಗುಟ್ಟು, ಒಪ್ಪಂದ, ಎಲ್ಲ.

"ಹೇಳಿಬಿಡೇ ಅವನಿಗೆ" ಅಂದೆ.

"ಹೇಗೆ ಹೇಳ್ಲಿ ಅತ್ತೆ? 'ನಿನಗೆ ನಾನಂದ್ರೆ ಇಷ್ಟ ಕಣೋ' ಅಂತ ನಾನು ಅವನಿಗೆ ಹೇಳ್ಲಾ? ಅವನ ಬಾಯಲ್ಲಿ ದಿನಾ ಬೆಣ್ಣೆ ಮನೆ ಮಾತೇ. ತೊಟ್ಟು ಹಾಕಿ ನನಗೇ ಟೋಪಿ ಹಾಕ್ತಿದ್ದೀಯ ಅಂತಾನೆ."

"ನಿನ್ನದು ಹೇಳು ಹಾಗಾದ್ರೆ."

"ನನ್ನದು ಅವನ ಮನೇಲಿ ಗೊತ್ತಾಗೋದಾದ್ರೂ ಹೇಗೆ? ಅವನು ದಿನಾ ತೊಟ್ಟು ಹಾಕ್ತಾನೆ. ಅವನ ಪಾಲಿಗೆ ನಂದು ಬರೀ ಸುಳ್ಳು." ಅಷ್ಟು ಹೇಳಿ, ನಾಲಿಗೆಯ ಹುಡುಗಿ, ಮಂಡಿಗೆ ಮುಖ ಕೊಟ್ಟು ಅತ್ತಳು.

ಚಳಿ ಹೋಯಿತು, ಬಿಸಿಲು ಬಂತು, ಗಡಿಗೆ ಮಗುಚುವ ದಿನ ಹತ್ತಿರ ಬಂತು. ಹಿಂದಿನ ಸಂಜೆ ಹುಡುಗ ಬಂದಾಗ ಮುಖ ಬಾಡಿತ್ತು. ಬಟ್ಟಲು ಒಡ್ಡಲಿಲ್ಲ, ಕೈಯಲ್ಲೇ ತಿರುಗಿಸುತ್ತಾ ನಿಂತ.

"ಬೆಣ್ಣೆ ಮನೆಯವರು ಹೇಳಿ ಕಳಿಸಿದ್ರು" ಅಂದ. "ನಾಳೆ ನನ್ನ ಗಡಿಗೆ ಬಿದ್ರೆ, ನಾಡಿದ್ದು ಬಟ್ಟಲ ದಿನಕ್ಕೆ ಅವರ ಬಾಗಿಲು ತೆಗೀತಾರಂತೆ. ಏನ್ ಮಾಡ್ಲಿ?"

ನೋಡಿ, ಏನು ಮಾಡಲಿ ಅಂತ ಅವಳನ್ನೇ ಕೇಳುತ್ತಾನೆ! ಗಡಿಗೆ ಬಿದ್ದರೆ ಅವನು ಬಿಡುಗಡೆಯಾಗುತ್ತಾನೆ, ಸರಿ. ಹೆಪ್ಪು ಕೊಟ್ಟವಳ ಗತಿ? ಮನಸ್ಸಿಲ್ಲದೆ ಕೊಟ್ಟವಳು ಅಂತ ಅವಳು ಹೊಳೆ ದಾಟಬೇಕು. ಅವನು ತೊಟ್ಟು ಹಾಕದೆ ಬಿಟ್ಟರೆ ಸಾಕು, ಅಷ್ಟೇ ಕೆಲಸ. ಅವಳ ಮೈಯೆಲ್ಲ ಬೆಂಕಿಯಾಯಿತು. ಒಳಗೆ ಹೋಗಿ ಮೊಸರು ತಂದು, ಅವನ ಕೈಯಿಂದ ಬಟ್ಟಲು ಕಿತ್ತುಕೊಂಡು, ಅದರೊಳಗೆ ಹೆಪ್ಪನ್ನು ಕುಕ್ಕಿದಳು.

"ತೊಟ್ಟು ಹಾಕಬೇಡ. ಬೀಳ್ಲಿ. ನಿನ್ನ ಬೆಣ್ಣೆ ನಿನಗಿರ್ಲಿ."

"ನೀನು ಆಚೆ ದಡಕ್ಕೆ ಹೋಗ್ಬೇಕಾಗತ್ತೆ ಕಣೆ."

"ಹೋಗ್ತೀನಿ. ಹಸುಗಳು ನಿನಗಿಂತ ವಾಸಿ. ತೊಲಗು!"

 ಅವಳ ಬಟ್ಟಲಿಗೆಂದು ಅವತ್ತು ತಾನೇ ಎಲೆದೊನ್ನೆಯಲ್ಲಿ ತಂದಿದ್ದ ಹೆಪ್ಪನ್ನು ಅವನು ಜಗಲಿಯ ಮೇಲೆ ಇಟ್ಟು ಹೋದ. ಅವಳು ಅದನ್ನು ಎತ್ತಿ ಬೀದಿಗೆ ಎಸೆಯಲು ಕೈ ಎತ್ತಿದಳು. ಎಸೆಯಲಿಲ್ಲ. ಒಳಗೆ ಒಯ್ದು ಹಾಲಿಗೆ ಹಾಕಿದಳು.

ಮರುದಿನ ಬೆಳಗ್ಗೆ ಊರೆಲ್ಲ ಕಟ್ಟೆಯ ಸುತ್ತ ಸೇರಿತು. ಕಟ್ಟೆಯ ಮೇಲೆ ಕಟ್ಟೆಯಜ್ಜಿ ಕೂತಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಹಳಬಳು, ಗಡಿಗೆಯ ವಿಷಯದಲ್ಲಿ ಅವಳ ಮಾತೇ ಕೊನೆ. ಜೋಡಿಗಳು ಒಂದೊಂದಾಗಿ ಬಂದವು. ಗಡಿಗೆ ಏರಿತು, ಮಗುಚಿತು, ಏನೂ ಬೀಳಲಿಲ್ಲ, ಊರು "ಹೋ" ಅಂದಿತು. ಗಡಿಗೆ ಏರಿತು, ಮಗುಚಿತು, ಏನೂ ಬೀಳಲಿಲ್ಲ, ಊರು "ಹೋ" ಅಂದಿತು. ಆಮೇಲೆ ಗಾಣದ ಮನೆಯ ಹುಡುಗ ಬಂದ.  ಎತ್ತಿದ. ಮಗುಚಿದ.

ಧೋ ಅಂತ ಬಿತ್ತು. ಹಾಲೇ ಹಾಲು. ತಲೆಯ ಮೇಲೆ, ಕಣ್ಣಿನ ಮೇಲೆ, ಹೊಸ ಅಂಗಿಯ ಮೇಲೆ. ಹುಡುಗರು ಕೇಕೆ ಹಾಕಿ ನಕ್ಕರು. ಹುಡುಗ ಮಾತ್ರ ಕಣ್ಣು ಒರೆಸಿಕೊಂಡು ನೇರ ಅವಳನ್ನೇ ನೋಡಿದ. ಬಿಡುಗಡೆಯಾದವನ ಮುಖ ಅಲ್ಲ ಅದು, ಏನೋ ಕಳಕೊಂಡವನ ಮುಖ.

"ತೊಟ್ಟು ಹಾಕ್ಲಿಲ್ವಾ?" ಅಂದಳು ಅವಳು. ಎಲ್ಲರ ಮುಂದೆ ಇದ್ದೀನಿ ಅನ್ನುವುದೇ ಮರೆತಿತ್ತು.

"ಇಲ್ಲ."

"ಬೆಣ್ಣೆ ಮನೆ ಬಾಗಿಲು ತೆಗೀಲಿ ಅಂತ."

"ಅಲ್ಲ ಕಣೆ!" ಅವನ ದನಿ ಒಡೆಯಿತು. "ನೀನು ಏನ್ ಕೊಡ್ತೀಯ ಅಂತ ಒಂದ್ಸಲ ನೋಡ್ಬೇಕಿತ್ತು ನನಗೆ. ತೊಟ್ಟಿಲ್ಲದೆ. ಈಗ ನೋಡಿದೆ, ಬಿಡು."

ಕಟ್ಟೆಯಜ್ಜಿ ಕೋಲಿನಿಂದ ಕಲ್ಲು ಕುಟ್ಟಿದಳು. "ಹೆಪ್ಪು ಕೊಟ್ಟವಳು ಮುಂದೆ ಬಾ."

ಹುಡುಗಿ ತನ್ನ ಗಡಿಗೆ ಹಿಡಿದು ಮುಂದೆ ಬಂದಳು. ಅವಳ ತಾಯಿ ನನ್ನ ಪಕ್ಕದಲ್ಲಿ ನಿಂತಿದ್ದಳು, ನನ್ನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು.  ಹುಡುಗಿ ಹುಡುಗನ ಎದುರಿಗೆ ನಿಂತು, ಗಡಿಗೆಯನ್ನು ತಲೆಯ ಮೇಲೆ ಎತ್ತಿ, ಬೋರಲು ಹಿಡಿದಳು. ಒಂದು ಹನಿ ಬೀಳಲಿಲ್ಲ. ಅಲುಗಾಡಿಸಿದಳು. ಬೀಳಲಿಲ್ಲ.

"ಇದರಲ್ಲೂ ತೊಟ್ಟಿಲ್ಲ" ಅಂದಳು. "ಮಳೆಗಾಲದಿಂದ ಹಾಕಿಲ್ಲ. ನೀನು ಕೊಟ್ಟ ಹೆಪ್ಪು ಕಣೋ ಇದು, ಮಂಕೇ. ನಿಂದೇ."

 ಹುಡುಗನ ಕೆನ್ನೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅವನು ಗಡಿಗೆಯನ್ನು ನೋಡಿದ, ಅವಳನ್ನು ನೋಡಿದ, ತನ್ನ ಎರಡು ಕೈಗಳನ್ನು ನೋಡಿಕೊಂಡ. ಮನಸ್ಸು ಅಲ್ಲಿಗೆ ಹೋಗಿ ಮನೆ ಮಾಡಿದ್ದು ಅವನಿಗೆ ಆಗ ಗೊತ್ತಾಯಿತು, ಅಷ್ಟು ಜನರ ಮಧ್ಯೆ.

"ನನ್ನ ಹೆಪ್ಪು ಬಿದ್ದಿದ್ದು ನಿನ್ನೆ ಕೋಪದಲ್ಲಿ ಕೊಟ್ಟೆ ಅಂತ" ಅಂದಳು ಅವಳು. "ಬೀಳ್ಲಿ ಅಂತಲೇ ಕೊಟ್ಟೆ. ಹೊಟ್ಟೆಕಿಚ್ಚಾಗಿತ್ತು ನನಗೆ." ಆಮೇಲೆ ಕಟ್ಟೆಯ ಕಡೆ ತಿರುಗಿದಳು. "ಅಜ್ಜಿ, ನಾವು ವರ್ಷದಿಂದ ಊರಿಗೆ ಮೋಸ ಮಾಡಿದ್ವಿ. ಮೆಣಸಿನಕಾಯಿ ತೊಟ್ಟು ಹಾಕ್ತಿದ್ವಿ. ನನ್ನ ಯೋಚನೆ ಅದು, ಅವನದ್ದಲ್ಲ. ಆಚೆ ದಡಕ್ಕೆ ಕಳಿಸೋದಾದ್ರೆ ನನ್ನೊಬ್ಬಳನ್ನೇ ಕಳಿಸಿ."

ಕಟ್ಟೆಯಜ್ಜಿ ಕೋಲನ್ನು ಮಡಿಲಿಗೆ ಎಳೆದುಕೊಂಡಳು. ಊರಿನ ಹೆಂಗಸರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಗಂಡಸರ ಮುಖಗಳನ್ನು ನೋಡಿದಳು. ಎಲ್ಲರೂ ಎಲ್ಲೆಲ್ಲೋ ನೋಡುತ್ತಿದ್ದರು.

"ತೊಟ್ಟು ಹಾಕದೋರು ಯಾರಾದ್ರೂ ಇದ್ರೆ ಕೈ ಎತ್ತಿ" ಅಂದಳು ಅಜ್ಜಿ.

ಒಂದು ಕೈ ಏಳಲಿಲ್ಲ.

"ನನ್ನ ಮೊದಲ ಮಗು ಹುಟ್ಟೋವರೆಗೂ ಹಾಕ್ತಿದ್ದೆ ನಾನು" ಅಂದಳು ಅಜ್ಜಿ, ತೀರ ಸಾಮಾನ್ಯವಾಗಿ. "ಯಾವತ್ತು ಬಿಟ್ಟೆನೋ ನೆನಪಿಲ್ಲ. ಮರೆತೆ ಅಷ್ಟೇ."

ಗುಂಪಿನಲ್ಲಿ ಮೊದಲು ಯಾರೋ ಕೆಮ್ಮಿದರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ಕಮ್ಮಾರನ ಹೆಂಡತಿ ಕಮ್ಮಾರನ ಕಡೆ ಕಣ್ಣು ಬಿಟ್ಟು "ನೀವೂನಾ?" ಅಂದಳು. ಅವನು "ನೀನೂನಾ?" ಅಂದ. ಹುಡುಗಿಯ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ ನಡುಗುತ್ತಿದ್ದಳು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಬಿದ್ದ ಗಡಿಗೆಗೆ ಇನ್ನೊಂದು ಸಲ ಹೆಪ್ಪು ಕೇಳಬಹುದು" ಅಂದಳು ಅಜ್ಜಿ. "ಇಲ್ಲೇ, ಎಲ್ಲರ ಮುಂದೆ. ಈ ಸಲ ಬಿದ್ರೆ ಅವಳು ಹೊಳೆ ದಾಟಬೇಕು, ನನ್ನ ಕೈಲಿ ಏನೂ ಇಲ್ಲ. ಕೇಳ್ತೀಯೇನೋ?"

ಹುಡುಗ ಗಡಿಗೆ ತೊಳೆಯಲು ಓಡಿದ. ತೊಳೆದು ತಂದ, ಆದರೆ ಹಾಲು? ಅವನ ಮನೆಯ ಹಾಲೆಲ್ಲ ಅವನ ತಲೆಯ ಮೇಲಿತ್ತು. ಆಗ ಗುಂಪು ಸರಿದು ದಾರಿ ಮಾಡಿತು. ಬೆಣ್ಣೆ ಮನೆಯ ಹುಡುಗಿ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಬಂದಳು. ಹಾಲು ಉಗುರುಬೆಚ್ಚಗಿತ್ತು, ಮೇಲೆ ಕೆನೆ ಕಟ್ಟಿತ್ತು. ಅವಳ ಅವ್ವ ಹಿಂದಿನಿಂದ ಏನೋ ಗೊಣಗಿದಳು, ಅವಳು ತಿರುಗಿಯೂ ನೋಡಲಿಲ್ಲ.

"ತಗೊಳ್ಳೇ" ಅಂದಳು ಮಗ್ಗದ ಮನೆಯವಳಿಗೆ. "ನನಗೆ ಅವನ ಮೇಲೆ ಅಂಥದ್ದೇನಿಲ್ಲ. ಎಲ್ಲರೂ ನೋಡ್ತಿದ್ರು, ನಾನೂ ನೋಡ್ದೆ."

ಮಗ್ಗದ ಮನೆಯ ಹುಡುಗಿಗೆ ಮಾತೇ ಹೊರಡಲಿಲ್ಲ. ಊರಿನ ಹುಡುಗರನ್ನೆಲ್ಲ ಬೈದ ಬಾಯಿ ಅದು! ಬೆಣ್ಣೆ ಮನೆಯವಳ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಅಷ್ಟೇ.

ಹಾಲು ಗಡಿಗೆಗೆ ಬಿತ್ತು. ಹುಡುಗ ಬಟ್ಟಲು ಒಡ್ಡಿದ. "ನಿಮ್ಮನೇದು ನಮ್ಮನೆಗೆ" ಅಂದ. ವರ್ಷವೆಲ್ಲ ಬೀದಿಗೆ ಕೇಳುವ ಹಾಗೆ ಕೂಗಿದ ಮಾತನ್ನು ಅವತ್ತು ಎಷ್ಟು ಮೆಲ್ಲಗೆ ಹೇಳಿದನೆಂದರೆ, ಅಷ್ಟು ಹತ್ತಿರ ನಿಂತ ನನಗೂ ಕೇಳಲಿಲ್ಲ, ತುಟಿ ಆಡಿದ್ದು ಕಂಡಿತು. ಅವಳು ತನ್ನ ಗಡಿಗೆಯಿಂದ, ಅವನ ಹೆಪ್ಪಿನಿಂದ ಆದ ಆ ಮೊಸರಿನಿಂದಲೇ ಒಂದು ಚಮಚ ತೆಗೆದಳು. ಕಣ್ಣು ಮುಚ್ಚಿದಳು. ಕೊಟ್ಟಳು.

ಆಮೇಲೆ ಕಾಯುವುದು. ಹಾಲು ಹೆಪ್ಪುಗಟ್ಟಲು ಹೊತ್ತು ಬೇಕಲ್ಲ, ಅದನ್ನು ಯಾರೂ ಅವಸರ ಮಾಡುವ ಹಾಗಿಲ್ಲ, ಅಲುಗಿಸುವ ಹಾಗಿಲ್ಲ, ಮುಚ್ಚಳ ತೆಗೆದು ನೋಡುವ ಹಾಗಿಲ್ಲ. ಬಿಸಿಲುಕಾಲವಾದ್ದರಿಂದ ಸಂಜೆಯ ಹೊತ್ತಿಗಾದರೂ ಆಗುತ್ತದೆ ಅಂದರು. ಗಡಿಗೆಯನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಹಳೆ ಕಂಬಳಿ ಸುತ್ತಿದರು. ಯಾರಾದರೂ ಮನೆಗೆ ಹೋಗುತ್ತಾರೆ ಅಂದುಕೊಂಡೆ. ಯಾರೂ ಹೋಗಲಿಲ್ಲ. ಗಾಣ ನಿಂತಿತು, ಮಗ್ಗ ನಿಂತಿತು, ಕುಲುಮೆ ಆರಿತು. ಊರಿಗೆ ಊರೇ ಮರದ ನೆರಳಿನಲ್ಲಿ ಕೂತು ಒಂದು ಗಡಿಗೆಯನ್ನು ಕಾಯಿತು. ಮಕ್ಕಳು ಹಸಿವು ಅಂತ ಅತ್ತರೆ ಯಾರೋ ಬೆಲ್ಲ ಕೊಟ್ಟರು, ಯಾರೋ ಪುರಿ ಕೊಟ್ಟರು. ಗಂಡಹೆಂಡಿರು ತೊಟ್ಟಿನ ಮಾತು ಎತ್ತಿ ಪಿಸಪಿಸ ಜಗಳವಾಡಿದರು, ಆಮೇಲೆ ಪಿಸಪಿಸ ನಕ್ಕರು. ಬಹಳ ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮ ಒಂದೇ ಕಲ್ಲಿನ ಮೇಲೆ ಕೂತಿದ್ದರು, ಜಾಗ ಇಲ್ಲ ಅನ್ನುವ ನೆಪ.

ಹುಡುಗ ಗಡಿಗೆಯ ಆ ಪಕ್ಕ, ಹುಡುಗಿ ಈ ಪಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾಟಕದಲ್ಲಿ ಎಷ್ಟು ಧೈರ್ಯವಾಗಿ ನೋಡುತ್ತಿದ್ದವರು! ಅವಳು ಒಂದು ಸಲ ಕೇಳಿದಳು, "ಬಿದ್ರೆ?"

"ಹೊಳೆ ದಾಟಿ ಬರ್ತೀನಿ" ಅಂದ ಅವನು.

"ಆಚೆ ದಡದಲ್ಲಿ ಇನ್ನೊಂದು ಬಾಗಿಲೇ ಇಲ್ವಲ್ಲೋ."

"ಗಾಣದವನಿಗೆ ಮರದ ಕೆಲಸ ಬರತ್ತೆ. ಒಂದು ಬಾಗಿಲು ಮಾಡ್ತೀನಿ. ನೀನು ಆ ಕಡೆ ನಿಂತ್ಕೋ, ನಾನು ಈ ಕಡೆ ನಿಂತ್ಕೊಂಡು ಕೇಳ್ತೀನಿ."

ಅವಳು ಅಳುತ್ತಲೇ ನಕ್ಕಳು. ಅವನ ತಲೆಯಲ್ಲಿ ಒಣಗಿ ಅಂಟಿದ್ದ ಹಾಲಿನ ಹಕ್ಕಳೆಯನ್ನು ಉಗುರಿನಿಂದ ತೆಗೆಯತೊಡಗಿದಳು. ನಾನು ಮುಖ ತಿರುಗಿಸಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನೋಡಬಾರದು ಅನ್ನಿಸಿತು ನನಗೆ.

ಬಿಸಿಲು ಇಳಿಯಿತು. ಅಜ್ಜಿ ಕೋಲು ಕುಟ್ಟಿದಳು. ಕಂಬಳಿ ಬಿಚ್ಚಿದರು. ಹುಡುಗ ಗಡಿಗೆ ಎತ್ತಲು ಬಂದಾಗ ಹುಡುಗಿ ಅವನ ಪಕ್ಕದಲ್ಲಿ ಬಂದು ನಿಂತಳು, ಭುಜಕ್ಕೆ ಭುಜ ತಾಗಿಸಿ. "ನಿನ್ನದಲ್ಲ ಇದು, ಅವನ ಗಡಿಗೆ. ಸರಿದು ನಿಲ್ಲೇ" ಅಂದಳು ಅಜ್ಜಿ. "ಬಿದ್ರೆ ಇಬ್ಬರ ಮೇಲೂ ಬೀಳ್ಲಿ ಅಜ್ಜಿ" ಅಂದಳು.  ಇಬ್ಬರ ತಲೆಯ ಮೇಲೂ ಗಡಿಗೆ ಏರಿತು. ನಾಲ್ಕು ಕೈ ಹಿಡಿದಿದ್ದವು. ಮಗುಚಿತು.

ಇಬ್ಬರೂ ಕಣ್ಣು ಬಿಗಿದು ನಿಂತರು. ಹುಡುಗಿಯ ತಾಯಿ ನೆಲಕ್ಕೆ ಕುಸಿದು ಕೂತಳು.  ಏನೂ ಬೀಳಲಿಲ್ಲ. ಮತ್ತೂ ಏನೂ ಬೀಳಲಿಲ್ಲ. ಊರಿಗೆ "ಹೋ" ಅನ್ನಲು ಉಸಿರೇ ಇರಲಿಲ್ಲ. ಅಣ್ಣತಮ್ಮ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಕೈ ಎತ್ತದಿದ್ದಕ್ಕೆ, ಕಾದಿದ್ದಕ್ಕೆ, ಹಾಲು ಕೊಟ್ಟಿದ್ದಕ್ಕೆ ಏನು ಹೇಳಬೇಕು ಅಂತ ಹುಡುಗಿಗೆ ತಿಳಿಯಲಿಲ್ಲ.  ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಕಟ್ಟೆಯಿಂದ ಇಳಿದಳು. ಮೊದಲು ಬೆಣ್ಣೆ ಮನೆಯ ಹುಡುಗಿಯ ಅಂಗೈಗೆ ಒಂದು ಚಮಚ ಹಾಕಿದಳು. ಆಮೇಲೆ ತಾಯಿಗೆ, ಅಜ್ಜಿಗೆ, ಕಮ್ಮಾರನಿಗೆ, ಕಮ್ಮಾರನ ಹೆಂಡತಿಗೆ. ಅವಳು ಹಿಂದೆ ಆಡಿಕೊಂಡಿದ್ದ ಹುಡುಗರಿಗೂ, ಒಬ್ಬೊಬ್ಬರ ಮುಂದೆಯೂ ನಿಂತು ತಲೆ ಬಗ್ಗಿಸಿ ಹಾಕಿದಳು. ಅಂಗೈಗಳು ಬರುತ್ತಲೇ ಇದ್ದವು.

ನನ್ನ ಸರದಿ ಬಂದಾಗ ಗಡಿಗೆ ಹೆಚ್ಚುಕಡಿಮೆ ಖಾಲಿ. ತಳ ಕೆರೆದು, ಬೆರಳಿಗೆ ಅಂಟಿದ್ದನ್ನು ನನ್ನ ಅಂಗೈಗೆ ಒರೆಸಿದಳು.

"ನಿಮಗೆ ಇಷ್ಟೇ ಉಳೀತಲ್ಲ ಅತ್ತೆ" ಅಂದಳು, ಕಣ್ಣಲ್ಲಿ ನೀರು.

ಸುತ್ತ ನೋಡಿದೆ. ಬೆಳಗ್ಗೆಯಿಂದ ಹಸಿದ ಜನ. ಒಬ್ಬರೂ ಅದನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ. ಎಲ್ಲರೂ ಮುಷ್ಟಿ ಮುಚ್ಚಿಕೊಂಡು, ಬೀಳದ ಹಾಗೆ ಜೋಪಾನವಾಗಿ, ತಮ್ಮ ತಮ್ಮ ಮನೆಯ ಕಡೆ ನಡೆಯುತ್ತಿದ್ದರು.

"ಹೆಪ್ಪಿಗೆ ಎಷ್ಟು ಬೇಕೇ ಹುಡುಗಿ?" ಅಂದೆ. ಮುಷ್ಟಿ ಮುಚ್ಚಿಕೊಂಡು ನಾನೂ ಹೊರಟೆ. ಮನೆಯಲ್ಲಿ ಹಾಲು ಕಾಯಿಸಬೇಕಿತ್ತು.